ಖಾಡಿ ದಂಡೆಯ ಐದು ಗುಂಟೆ

ಡೊಂಬಿವಲಿಯಲ್ಲಿ ಮೂವತ್ತು ವರ್ಷ ಲೋಕಲ್ ಹಿಡಿದವರ ಮನೆಗಳಲ್ಲಿ, ನಿವೃತ್ತಿಗೆ ಇನ್ನೆರಡು ವರ್ಷ ಇದೆ ಅನ್ನುವಾಗ ಒಂದು ಮಾತು ಶುರುವಾಗುತ್ತದೆ. ಮುಂದೆ ಎಲ್ಲಿ? ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಮೂರನೇ ಮಹಡಿಯ ಫ್ಲ್ಯಾಟು ಇದ್ದೇ ಇದೆ. ಆದರೂ ಕರಾವಳಿಯಿಂದ ಬಂದ ನಮ್ಮಂಥವರಿಗೆ ಕೊನೆಗಾಲಕ್ಕೆ ಒಂದು ಅಂಗಳ ಬೇಕು, ಬಾವಿ ಬೇಕು, ಗಾಳಿಯಲ್ಲಿ ಒಂದಿಷ್ಟು ಉಪ್ಪು ಬೇಕು ಅನಿಸುತ್ತದೆ.

ನಮ್ಮ ಮನೆಗೆ ಈ ಪ್ರಶ್ನೆ ಈ ಜನವರಿಯಲ್ಲಿ ಎರಡು ಕಡೆಯಿಂದ ಒಟ್ಟಿಗೇ ಬಂತು. ಒಂದು, ಪಕ್ಕದ ಬಿಲ್ಡಿಂಗಿನ ಗೆಳೆಯರು ವಾಟ್ಸಾಪಿನಲ್ಲಿ ಕಳಿಸಿದ ಬಣ್ಣದ ಹಾಳೆ. ಉರಣ ತಾಲೂಕಿನ ಖಾಡಿ ದಂಡೆಯ ಹಳ್ಳಿಯಲ್ಲಿ ಐದೈದು ಗುಂಟೆಯ ಪ್ಲಾಟು. ಆ ಹಾಳೆಯಲ್ಲಿ ದೂರವನ್ನೆಲ್ಲ ನಿಮಿಷದಲ್ಲಿ ಅಳೆದಿದ್ದರು: ವಿಮಾನ ನಿಲ್ದಾಣಕ್ಕೆ ಇಷ್ಟು ನಿಮಿಷ, ಅಟಲ್ ಸೇತುವಿಗೆ ಇಷ್ಟು ನಿಮಿಷ, ಸಮುದ್ರಕ್ಕೆ ಇಷ್ಟು ನಿಮಿಷ. ಇನ್ನೊಂದು, ಊರಿನಿಂದ ತಮ್ಮನ ಫೋನು. ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹಿನ್ನೀರಿನ ಮಗ್ಗುಲಲ್ಲಿ ನಮಗೊಂದು ತುಂಡು ಗಜನಿ ಗದ್ದೆ ಇದೆ. ಅದಕ್ಕೆ ಬೆಂಗಳೂರಿನ ಕಡೆಯ ಗಿರಾಕಿ ಬಂದಿದ್ದಾರೆ, ನನ್ನದೂ ಅಕ್ಕನದೂ ಸಹಿ ಬೇಕು ಅಂದ.

ಲೆಕ್ಕ ಸುಲಭವಾಗಿತ್ತು. ಅಲ್ಲಿಯದನ್ನು ಮಾರುವುದು, ಇಲ್ಲಿಯದನ್ನು ಕೊಳ್ಳುವುದು. ಹೆಂಡತಿಗೂ ಒಪ್ಪಿಗೆ. ಒಂದು ಸಲ ಜಾಗ ನೋಡಿ ಬರೋಣವೆಂದು ಭಾನುವಾರ ಬೆಳಿಗ್ಗೆ ಗೆಳೆಯರ ಜೊತೆ ಹೊರಟೆ.

ಡೊಂಬಿವಲಿಯಿಂದ ಠಾಣೆ, ಠಾಣೆಯಿಂದ ನೆರೂಳ್, ಅಲ್ಲಿ ಉರಣದ ಗಾಡಿ. ಈ ಮಾರ್ಗ 2018ರಲ್ಲಿ ಖಾರ್‌ಕೋಪರ್‌ವರೆಗೆ ಬಂದು ನಿಂತಿತ್ತು. 2024ರ ಜನವರಿ 12ರಂದು ಉರಣ ಮುಟ್ಟಿತು. ಅದೇ ದಿನ ಶಿವಡಿಯಿಂದ ನ್ಹಾವಾ ಶೇವಾಕ್ಕೆ 21.8 ಕಿಲೋಮೀಟರಿನ ಅಟಲ್ ಸೇತುವೂ ತೆರೆಯಿತು. ಹಿಂದೆಲ್ಲ ಉರಣಕ್ಕೆ ಹೋಗುವುದೆಂದರೆ ಭಾವೂಚಾ ಧಕ್ಕಾದಿಂದ ಮೋರಾಕ್ಕೆ ಲಾಂಚು, ಇಲ್ಲವೇ ಪನ್ವೇಲ್ ಸುತ್ತಿ ಎಸ್‌ಟಿ ಬಸ್ಸು. ಈಗ ಗಾಡಿಯ ಕಿಟಕಿಯಿಂದ ಒಂದು ಮಗ್ಗುಲಿಗೆ ಹೊಸ ಗೋಪುರಗಳು, ಇನ್ನೊಂದು ಮಗ್ಗುಲಿಗೆ ಖಾಡಿಯ ಕೆಸರು, ಅದರಾಚೆ ಸಾಲು ಸಾಲು ಕಂಟೇನರು ಕಾಣುತ್ತವೆ.

ಖಾರ್‌ಕೋಪರ್ ಎಂಬ ಹೆಸರಿನಲ್ಲೇ 'ಖಾರ್' ಇದೆ. ಖಾರ್ ಜಮೀನು ಎಂದರೆ ಖಾಡಿಯ ಉಪ್ಪುನೀರನ್ನು ಮಣ್ಣಿನ ಒಡ್ಡು ಹಾಕಿ ತಡೆದು, ಮಳೆನೀರಿನಿಂದ ಉಪ್ಪು ತೊಳೆದು ಭತ್ತ ಬೆಳೆಯುವ ನೆಲ. ಠಾಣೆ, ರಾಯಗಡ ಜಿಲ್ಲೆಗಳ ಆಗ್ರಿ, ಕೋಳಿ, ಕರಾಡಿ ಜನರ ಹಳೆಯ ಕಸುಬುಗಳೆಂದರೆ ಇದೇ: ಖಾರ್ ಭತ್ತ, ಉಪ್ಪಿನ ಆಗರ, ಮೀನು. ನಮ್ಮ ಗಜನಿಯೂ ಇದೇ ಬಗೆಯದು. ನಮ್ಮಲ್ಲಿ ಉಪ್ಪು ತಾಳುವ ಭತ್ತಕ್ಕೆ ಕಗ್ಗ ಎಂದರೆ ಇಲ್ಲಿ ರಾತಾ ಎನ್ನುತ್ತಾರೆ, ಕಾಳಾ ರಾತಾ, ಭೂರಾ ರಾತಾ. ಒಡ್ಡಿನಲ್ಲಿ ನೀರು ಬಿಟ್ಟು ಹಿಡಿಯುವ ಹಲಗೆಬಾಗಿಲಿಗೆ ನಮ್ಮ ಕಡೆ ಜಂತ್ರಡಿ, ಇಲ್ಲಿ ಉಘಾಡಿ. ಮೂವತ್ತು ವರ್ಷ ಇದೇ ಊರಿನ ಗಾಳಿ ಕುಡಿದೂ ನನಗಿದು ಗೊತ್ತಿರಲಿಲ್ಲ. ನಮ್ಮ ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಒಂದೇ ಸರಕಾರದ ಕಂದಾಯ ಕಟ್ಟಿದ ಎರಡು ಕರಾವಳಿಗಳು ಇವು.

ಈ ಕಡೆಯ ನೆಲಕ್ಕೆ ಬೆಲೆ ಬಂದದ್ದು ಹೇಗೆ ಅನ್ನುವುದು ಪ್ಲಾಟು ಕೊಳ್ಳುವವರಿಗೆ ಗೊತ್ತಿರಬೇಕಾದ ಕತೆ. 1970ರಲ್ಲಿ ಸಿಡ್ಕೋ ಸ್ಥಾಪನೆಯಾಯಿತು. ನವಿ ಮುಂಬಯಿ ಕಟ್ಟಲು 95 ಹಳ್ಳಿಗಳ ಜಮೀನು ಸ್ವಾಧೀನಕ್ಕೆ ಹೋಯಿತು. ಪರಿಹಾರ ಸಾಲದೆಂದು ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ರೈತರು ಎದ್ದರು. 1984ರ ಜನವರಿ 16 ಮತ್ತು 17ರಂದು ಜಾಸಯಿ ಪರಿಸರದಲ್ಲಿ ಪೋಲೀಸರ ಗುಂಡಿಗೆ ಐವರು ಬಲಿಯಾದರು. ಆ ಹೋರಾಟದ ಫಲವೇ, ಕೊಟ್ಟ ಜಮೀನಿನ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಮೂಲ ರೈತನಿಗೆ ಮರಳಿಸುವ ಯೋಜನೆ. ನಾವು ನವಿ ಮುಂಬಯಿಯಲ್ಲಿ 'ಸಾಡೇಬಾರಾ ಟಕ್ಕೆ' ಎಂದು ಆಗಾಗ ಕೇಳುವ ಮಾತಿನ ಹಿಂದೆ ಐದು ಜೀವಗಳಿವೆ.

ಎಲ್ಲರಿಗೂ ಅಷ್ಟೂ ದಕ್ಕಲಿಲ್ಲ. 1989ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಬಂದರಿಗಾಗಿ ಶೇವಾ ಕೋಳಿವಾಡವನ್ನು ಎಬ್ಬಿಸಿ ಉರಣದ ಹತ್ತಿರ ಹನುಮಾನ್ ಕೋಳಿವಾಡದಲ್ಲಿ ನೆಲೆಗೊಳಿಸಿದರು. ಅಲ್ಲಿನ ಮನೆಗಳಿಗೆ ಗೆದ್ದಲು ಹತ್ತಿತು. ಕಡಲು ಬಿಟ್ಟು ಬಂದ ಆ ಜನ ಮತ್ತೊಂದು ಪುನರ್ವಸತಿಗಾಗಿ ದಶಕಗಳ ಕಾಲ ಓಡಾಡಿದರು. ಇನ್ನು ವಿಮಾನ ನಿಲ್ದಾಣಕ್ಕೆ ಹತ್ತು ಹಳ್ಳಿ ಸರಿದವು, ಉಲ್ವೆಯ ಗುಡ್ಡ ಕರಗಿತು. 2025ರ ಅಕ್ಟೋಬರ್ 8ರಂದು ಅದರ ಉದ್ಘಾಟನೆಯಾಗಿ, ಡಿಸೆಂಬರ್ 25ರಿಂದ ವಿಮಾನ ಹಾರತೊಡಗಿದವು. ಈಗಿನ ಹೊಸ ಮಾತು 'ಮೂರನೇ ಮುಂಬಯಿ'. ಉರಣ, ಪನ್ವೇಲ್, ಪೇಣ್ ತಾಲೂಕುಗಳ 124 ಹಳ್ಳಿಗಳನ್ನು ಸೇರಿಸಿ ಕರ್ನಾಳಾ-ಸಾಯಿ-ಚಿರ್ನೇರ್ ಹೊಸ ನಗರ ಮಾಡುವುದೆಂದು 2024ರಲ್ಲಿ ಸರಕಾರ ಪ್ರಕಟಿಸಿತು. ಚಿರ್ನೇರ್ 1930ರ ಸೆಪ್ಟೆಂಬರ್ 25ರ ಜಂಗಲ್ ಸತ್ಯಾಗ್ರಹದ ಊರು. ಅಂದು ಕಾಡಿನ ಹಕ್ಕಿಗಾಗಿ ಗುಂಡು ತಿಂದ ಊರಿನ ಹೆಸರು ಈಗ ಪ್ಲಾಟಿನ ಜಾಹೀರಾತಿನಲ್ಲಿದೆ.

ಏಜೆಂಟು ನಮ್ಮನ್ನು ಉರಣದ ಸ್ಟೇಶನ್ನಿನಿಂದ ಕಾರಿನಲ್ಲಿ ಪೂರ್ವಕ್ಕೆ ಕರೆದುಕೊಂಡು ಹೋದ. ಒಂದು ಕೊಳ್ಳದಂಥ ದಾರಿ, ಎರಡೂ ಕಡೆ ಭತ್ತ ಕೊಯ್ದ ಗದ್ದೆ, ಸಣ್ಣ ಊರು, ಗಣಪತಿ ಗುಡಿ, ಒಣಗಲು ಹಾಕಿದ ಬೊಂಬಿಲ ಮೀನಿನ ವಾಸನೆ. ನನಗೆ ಅಲ್ಲೇ ಮನಸ್ಸು ಸೋತಿತು. ಜಾಗ ಸಪಾಟಾಗಿತ್ತು, ಒಣಗಿತ್ತು. ಮೂಲೆಗೆ ನಾಲ್ಕು ಸುಣ್ಣ ಬಳಿದ ಕಲ್ಲು. 'ಇಲ್ಲಿ ನಿಂತರೆ ಖಾಡಿ ಕಾಣತ್ತೆ ಸಾಹೇಬ' ಎಂದ ಏಜೆಂಟು. ನಿಜಕ್ಕೂ ಕಾಣುತ್ತಿತ್ತು.

ನಾನು ಗಜನಿಯ ದಂಡೆಯಲ್ಲಿ ಬೆಳೆದವನು. ಕಾಲು ತಾನಾಗಿ ಒಡ್ಡಿನ ಕಡೆ ಹೋಯಿತು. ಅಲ್ಲಿ ಒಬ್ಬ ವಯಸ್ಸಾದ ಆಗ್ರಿ ರೈತರು ಏಡಿ ಹಿಡಿಯುವ ಬಲೆ ಬಿಚ್ಚುತ್ತ ಕೂತಿದ್ದರು. ಒಡ್ಡು ಒಂದು ಕಡೆ ಹತ್ತು ಹನ್ನೆರಡು ಮಾರು ಕಿತ್ತು ಹೋಗಿತ್ತು. ಯಾಕೆ ಕಟ್ಟಿಲ್ಲ ಎಂದು ಕೇಳಿದೆ. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

'ಮೊದಲು ಮಳೆಗಾಲಕ್ಕೆ ಮುಂಚೆ ಮನೆಗೊಬ್ಬರಂತೆ ಬಂದು ಮಣ್ಣು ಹಾಕುತ್ತಿದ್ದೆವು. ಬಾರದವನಿಗೆ ದಂಡ. ಆಮೇಲೆ ಒಬ್ಬ ಮಾರಿದ, ಇನ್ನೊಬ್ಬ ಮಾರಿದ. ಕೊಂಡವರು ಮುಂಬಯಿಯಲ್ಲಿದ್ದಾರೆ. ಅವರಿಗೆ ಭತ್ತ ಬೇಡ, ಒಡ್ಡು ಯಾಕೆ? ನಾವು ಉಳಿದ ನಾಲ್ಕು ಮನೆಯವರು ಎಷ್ಟು ದೂರ ಕಟ್ಟುವುದು? ಒಂದು ವರ್ಷ ದೊಡ್ಡ ಭರತಿಯಲ್ಲಿ ಕಿತ್ತಿತು. ನೀರು ಮಾರಿದವನ ಗದ್ದೆ, ಮಾರದವನ ಗದ್ದೆ ಅಂತ ನೋಡಲಿಲ್ಲ.'

ಅವರು ತೋರಿಸಿದ ಕಡೆ ನೋಡಿದೆ. ಕಿತ್ತ ಜಾಗದಿಂದ ಒಳಗೆ, ಗದ್ದೆಯ ನಡುವೆ ಮೊಣಕಾಲೆತ್ತರದ ತಿವರ ಗಿಡಗಳು, ನಾವು ಕಾಂಡ್ಲಾ ಎನ್ನುವುದು. ಏಜೆಂಟನ ಸುಣ್ಣದ ಕಲ್ಲಿನಿಂದ ಐವತ್ತು ಹೆಜ್ಜೆಯೂ ಇರಲಿಲ್ಲ.

ಈ ಗಿಡದ ಅರ್ಥವನ್ನು ಮನೆಗೆ ಬಂದ ಮೇಲೆ ಕಾಯ್ದೆ ತಿಳಿದ ಗೆಳೆಯರ ಹತ್ತಿರ ಕೂತು ತಿಳಿದುಕೊಂಡೆ. ಮುಂಬಯಿ ಹೈಕೋರ್ಟು 2005ರಲ್ಲಿ ಕಾಂಡ್ಲಾ ಕಡಿಯುವುದನ್ನೂ, ಅದರ ಸುತ್ತ 50 ಮೀಟರಿನೊಳಗೆ ಕಟ್ಟುವುದನ್ನೂ ನಿಲ್ಲಿಸಿತು. ಜಮೀನು ಯಾರದೇ ಇರಲಿ. 2018ರ ತೀರ್ಪಿನಲ್ಲಿ ಅದನ್ನು ಗಟ್ಟಿ ಮಾಡಿತು. ಹೀಗಾಗಿ ಒಡ್ಡು ಕಿತ್ತು ಕಾಂಡ್ಲಾ ಬೆಳೆದ ಖಾರ್ ಜಮೀನಿನಲ್ಲಿ ಭತ್ತವೂ ಇಲ್ಲ, ಮನೆಯೂ ಇಲ್ಲ. ಕಾಯ್ದೆ ಸರಿಯಾಗಿಯೇ ಇದೆ. ಕಾಂಡ್ಲಾ ಇಲ್ಲದಿದ್ದರೆ ಖಾಡಿಯ ಮೀನೂ ಇಲ್ಲ, ದಂಡೆಯೂ ಇಲ್ಲ. ಆದರೆ ಬಣ್ಣದ ಹಾಳೆಯಲ್ಲಿ ಇದು ಎಲ್ಲಿಯೂ ಬರೆದಿರಲಿಲ್ಲ.

ಬೇರೆ ಗಂಟುಗಳೂ ಇದ್ದವು. ಮಹಾರಾಷ್ಟ್ರದಲ್ಲಿ 1948ರ ಕುಳ ಕಾಯ್ದೆಯ ಪ್ರಕಾರ ರೈತನಲ್ಲದವನು ಜಿಲ್ಲಾಧಿಕಾರಿಯ ಅನುಮತಿಯಿಲ್ಲದೆ ಕೃಷಿ ಜಮೀನು ಕೊಳ್ಳುವಂತಿಲ್ಲ. 1947ರ ತುಂಡುಭೂಮಿ ಕಾಯ್ದೆ ಹೊಲವನ್ನು ಗುಂಟೆ ಗುಂಟೆಯಾಗಿ ಕತ್ತರಿಸುವುದನ್ನು ತಡೆಯುತ್ತದೆ. ನಗರ ವಲಯಗಳಲ್ಲಿ ಸರಕಾರ ಈಚೆಗೆ ಅದನ್ನು ಸಡಿಲಿಸಿದೆ, ಆದರೆ ಕೊಳ್ಳುವ ಜಾಗ ಯಾವ ವಲಯದಲ್ಲಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಏಜೆಂಟು ಹೇಳಿದ್ದು, 'ನಾಲ್ಕು ಜನ ಸೇರಿ ಒಂದೇ ಸಾತ್‌ಬಾರಾದಲ್ಲಿ ಹೆಸರು ಹಾಕಿಸಿಕೊಳ್ಳಿ, ಒಳಗೆ ನೀವು ನೀವೇ ಹಂಚಿಕೊಳ್ಳಿ' ಅಂತ. ಒಳಗೆ ಹಂಚಿಕೊಂಡದ್ದಕ್ಕೆ ಕಾಗದವಿಲ್ಲ. ನಾಳೆ ಒಬ್ಬ ತೀರಿಕೊಂಡು ಮಕ್ಕಳು ತಕರಾರು ತೆಗೆದರೆ ನನ್ನ ಐದು ಗುಂಟೆ ಯಾವುದು ಅಂತ ತೋರಿಸುವುದು ಸುಣ್ಣದ ಕಲ್ಲು ಮಾತ್ರ. ಇದರ ಮೇಲೆ ಕರಾವಳಿ ನಿಯಂತ್ರಣ ವಲಯ. 2019ರ ಅಧಿಸೂಚನೆಯಂತೆ ಜನವಿರಳ ಹಳ್ಳಿಗಳಲ್ಲಿ ಸಮುದ್ರದ ಭರತದ ಗೆರೆಯಿಂದ 200 ಮೀಟರು, ಜನದಟ್ಟಣೆಯ ಹಳ್ಳಿಗಳಲ್ಲಿ 50 ಮೀಟರು ಹೊಸ ಕಟ್ಟಡಕ್ಕೆ ಸಿಗದ ನೆಲ. ಖಾಡಿಗೂ ಅದರದೇ ಅಳತೆ ಇದೆ. ಸಮುದ್ರ ಕಾಣುತ್ತದೆ ಅನ್ನುವುದೇ ಎಷ್ಟೋ ಸಲ ಮನೆ ಕಟ್ಟಲಾಗದು ಅನ್ನುವುದರ ಗುರುತು.

ಆದರೂ ಮನಸ್ಸು ಪೂರ್ತಿ ತಿರುಗಿರಲಿಲ್ಲ. ಈ ಜಾಗ ಬೇಡವಾದರೆ ಇನ್ನೊಂದು. ಊರಿನ ಸಹಿ ಮುಗಿಸಿ ಬರೋಣವೆಂದು ಫೆಬ್ರವರಿಯಲ್ಲಿ ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿದೆ. 1998ರಲ್ಲಿ ಈ ಗಾಡಿ ಶುರುವಾಗುವ ಮೊದಲು ನಮ್ಮ ಊರಿಗೆ ಬಸ್ಸಿನಲ್ಲಿ ಹೋಗಿ ಬರುವುದೇ ಒಂದು ಪ್ರಯಾಸ. ಈಗ ಮಧ್ಯಾಹ್ನ ಹತ್ತಿದರೆ ನಡುರಾತ್ರಿ ದಾಟಿದ ಮೇಲೆ ಕುಮಟಾ.

ಬೆಳಿಗ್ಗೆ ತಮ್ಮನ ಜೊತೆ ಗಜನಿಗೆ ಹೋದೆ. ಕಗ್ಗ ಕೊಯ್ದಾಗಿತ್ತು, ಜಂತ್ರಡಿ ತೆರೆದು ಉಪ್ಪುನೀರು ಒಳಗೆ ಬಿಟ್ಟಿದ್ದರು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮಳೆ ಹಿಡಿದಾಗ ಹಲಗೆ ಹಾಕಿ ಹೊರಗಿನ ಉಪ್ಪು ತಡೆದು, ಸಿಹಿನೀರಿನಲ್ಲಿ ಕಗ್ಗ ಬಿತ್ತುತ್ತಾರೆ. ಗೊಬ್ಬರ ಬೇಡ, ಔಷಧಿ ಬೇಡ. ಎದೆಮಟ್ಟ ಬೆಳೆಯುತ್ತದೆ, ನೆರೆಯಲ್ಲಿ ಮುಳುಗಿದರೂ ತಾಳುತ್ತದೆ. ನೀರಿನಲ್ಲಿ ನಿಂತು ತೆನೆಯಷ್ಟೇ ಕೊಯ್ಯುತ್ತಾರೆ. ಉಳಿದ ಹುಲ್ಲು ಅಲ್ಲೇ ಕೊಳೆತು ಬೇಸಿಗೆಯ ಸಿಗಡಿ, ಮೀನಿಗೆ ಆಹಾರ. ಆ ಮೀನಿನ ಹಕ್ಕನ್ನು ಗಜನಿಯ ರೈತರೆಲ್ಲ ಸೇರಿ ಹರಾಜು ಹಾಕಿ, ಬಂದ ದುಡ್ಡಿನಲ್ಲಿ ಒಡ್ಡು ಕಟ್ಟಿ, ಉಳಿದದ್ದನ್ನು ಹಂಚಿಕೊಳ್ಳುತ್ತಾರೆ. ಅಂದರೆ ನಮ್ಮ ಗದ್ದೆ ಪಹಣಿಯಲ್ಲಿ ಮಾತ್ರ ನಮ್ಮದು. ಬೆಳೆ ಬೆಳೆಯುವುದು ಇಡೀ ಗಜನಿಯ ಒಡ್ಡಿನಿಂದ. ಮಣಿಕಟ್ಟಾದಂಥ ಊರುಗಳಲ್ಲಿ ರೈತರ ಸಂಘಗಳು ಇದನ್ನು ಇನ್ನೂ ಹಿಡಿದುಕೊಂಡಿವೆ. 2024ರ ಆರಂಭದಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿಯ ಬಳಚು ಆರಿಸುವ ಹೆಂಗಸರಿಗೆ ರಾಮ್ಸರ್ ಎಂದರೆ ಗೊತ್ತಿಲ್ಲದಿರಬಹುದು, ಭರತ ಯಾವಾಗ ಇಳಿಯುತ್ತದೆ ಎಂಬುದು ಗೊತ್ತು.

ಈ ತುಂಡು ನಮ್ಮ ಅಜ್ಜನಿಗೆ ಗೇಣಿಯಿಂದ ಬಂದದ್ದು. 1974ರ ಭೂಸುಧಾರಣೆಯಲ್ಲಿ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಗೆ ಅಲೆದು ಹೆಸರಿಗೆ ಮಾಡಿಸಿಕೊಂಡರು. ಅಂದು ಉಳುವವನಿಗೆ ಬಂದ ನೆಲ ಈಗ ಉಳದವನ ಕೈಗೂ ಸಲೀಸಾಗಿ ಹೋಗಬಹುದು. ಕರ್ನಾಟಕದಲ್ಲಿ 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಗೋಕರ್ಣದ ಆಸುಪಾಸಿನಲ್ಲಿ ಅದರ ಪರಿಣಾಮ ಕಣ್ಣಿಗೆ ಕಾಣುತ್ತದೆ.

ತಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಕೆಲಸಕ್ಕೆ ಜನ ಸಿಗುವುದಿಲ್ಲ, ಅವನ ಮಗಳು ಹುಬ್ಬಳ್ಳಿಯಲ್ಲಿ ಓದುತ್ತಿದ್ದಾಳೆ. ಎದೆನೋವು ಬಂದರೆ ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕಾದ ಜಿಲ್ಲೆ ನಮ್ಮದು. 'ನೀನು ವರ್ಷಕ್ಕೊಮ್ಮೆ ಬಂದು ಗಜನಿ ಚೆಂದ ಅಂತೀಯ. ಜುಲೈಯಲ್ಲಿ ಬಂದು ಒಡ್ಡಿನ ಮೇಲೆ ನಿಂತುಕೋ' ಅಂದ. ಅವನ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಸಂಜೆ ಪಕ್ಕದ ಗದ್ದೆಯವರಿಬ್ಬರು ಮನೆಗೆ ಬಂದರು. ಜಗಳಕ್ಕಲ್ಲ. 'ಮಾರುವುದಾದರೆ ಮಾರಿ. ಬೇರೆಯವರಿಗೆ ಕೊಡುವ ಮೊದಲು ನಮಗೆ ಹೇಳಿ. ಕೊಂಡವರು ಸುತ್ತ ಬೇಲಿ ಹಾಕಿ ಹೋದರೆ, ಹರಾಜಿಗೂ ಒಪ್ಪದಿದ್ದರೆ, ಒಡ್ಡಿನ ದುಡ್ಡು ಎಲ್ಲಿಂದ?' ಎಂದರು. ನನಗೆ ಉರಣದ ಆ ಹಿರಿಯರು ಎದುರಿಗೆ ಕೂತಂತಾಯಿತು. ಅಲ್ಲಿ ಆಗಿಹೋದದ್ದರ ಮೊದಲ ದಿನ ನಮ್ಮ ಜಗಲಿಯಲ್ಲಿ ನಡೆಯುತ್ತಿತ್ತು. ಅಲ್ಲಿ ನಾನು ಮುಂಬಯಿಯ ಗಿರಾಕಿ, ಇಲ್ಲಿ ಮಾರುವ ಮೊದಲನೆಯವನು.

ರಾತ್ರಿ ನಾವು ಮೂವರು, ಕುಂದಾಪುರದಿಂದ ಬಂದ ಅಕ್ಕನೂ ಸೇರಿ, ಬಹಳ ಹೊತ್ತು ಮಾತಾಡಿದೆವು. ಕೊನೆಗೆ ಗದ್ದೆಯನ್ನು ಆ ಇಬ್ಬರಿಗೇ ಕೊಟ್ಟೆವು. ಬೆಂಗಳೂರಿನವರು ಹೇಳಿದ್ದಕ್ಕಿಂತ ಕಡಿಮೆಗೆ, ಎರಡು ಕಂತಿನಲ್ಲಿ. ಕಡಿಮೆಯಾದದ್ದು ತಮ್ಮನ ತಲೆಗೆ ಬರಬಾರದೆಂದು ನಾನೂ ಅಕ್ಕನೂ ನಮ್ಮ ಪಾಲಿನಲ್ಲಿ ಕಡಿತ ಮಾಡಿಕೊಂಡೆವು. ತಮ್ಮ ಸಂತೋಷಪಟ್ಟ ಅಂತ ಹೇಳಲಾರೆ. ಅವನ ಮುಖದಲ್ಲಿ, ದುಡ್ಡಿನ ಗರಜು ಇಲ್ಲದವರ ಧರ್ಮ ಇದು ಅನ್ನುವ ಭಾವ ಇತ್ತು. ಅದೂ ಸುಳ್ಳಲ್ಲ.

ನನ್ನ ಪಾಲಿಗೆ ಉಳಿದದ್ದರಲ್ಲಿ ಉರಣದ ಐದು ಗುಂಟೆ ಬರುವುದಿಲ್ಲ. ಹಳೆಯ ಮನೆಯ ಮಾಡಿಗೆ ಹೊಸ ರೀಪು, ಹಂಚು, ಬಾವಿಗೆ ಒಂದು ಪಂಪು ಬರುತ್ತದೆ. ಡೊಂಬಿವಲಿಗೆ ಮರಳಿದಾಗ ಹೆಂಡತಿ 'ಹಾಗಾದರೆ ಖಾಡಿ ದಂಡೆ ಹೋಯಿತು' ಎಂದಳು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಕರಾವಳಿಯ ಹಳ್ಳಿಯಲ್ಲಿ ಜಾಗ ಕೊಳ್ಳಬೇಡಿ ಎಂದು ಹೇಳಲು ಇದನ್ನು ಬರೆಯಲಿಲ್ಲ. ನಮ್ಮವರಲ್ಲಿ ಎಷ್ಟೋ ಜನ ಉರಣ, ಪೇಣ್, ಅಲಿಬಾಗ ಕಡೆ ನೋಡುತ್ತಿದ್ದೀರಿ, ಕೆಲವರು ಊರಿನದನ್ನು ಮಾರಿ. ಹೋಗುವುದಾದರೆ ಜನವರಿಯ ಒಣನೆಲ ನೋಡಿ ಮುಂಗಡ ಕೊಡಬೇಡಿ. ಆಗಸ್ಟಿನ ಹುಣ್ಣಿಮೆಯ ಭರತದ ದಿನ ಹೋಗಿ ನಿಂತು ನೋಡಿ. ಸಾತ್‌ಬಾರಾದಲ್ಲಿ ಯಾರ್‍ಯಾರ ಹೆಸರಿದೆ, ಜಾಗ ಯಾವ ವಲಯದಲ್ಲಿದೆ, ಸ್ವಾಧೀನದ ನೋಟೀಸು ಇದೆಯೇ, ಕರಾವಳಿ ವಲಯದ ನಕಾಶೆಯಲ್ಲಿ ಗೆರೆ ಎಲ್ಲಿ ಹಾದಿದೆ ಎಂಬುದನ್ನು ಏಜೆಂಟನ ವಕೀಲರಲ್ಲ, ನಿಮ್ಮ ವಕೀಲರು ನೋಡಲಿ. ಇವೆಲ್ಲ ಆದ ಮೇಲೆ ಊರಿನವರನ್ನು ಒಂದು ಪ್ರಶ್ನೆ ಕೇಳಿ: ಈ ವರ್ಷ ಒಡ್ಡು ಕಟ್ಟಿದವರು ಯಾರು? ಹೇಳಲು ಜನರಿದ್ದರೆ ಆ ಊರಿನಲ್ಲಿ ಬದುಕಬಹುದು. ಬದುಕುವುದಾದರೆ ನಿಮ್ಮ ಮನೆಯಿಂದಲೂ ಒಬ್ಬರು ಬುಟ್ಟಿ ಮಣ್ಣು ಹೊರಬೇಕು, ಅಥವಾ ಅದರ ದುಡ್ಡಾದರೂ ಪ್ರತಿ ವರ್ಷ ಕೊಡಬೇಕು.

ಕಳೆದ ವಾರ ನಮ್ಮ ಸೊಸೈಟಿಯ ಹಿಂದಿನ ಹಳೇ ಮನೆಯ ಆಗ್ರಿ ಅಜ್ಜಿಯ ಹತ್ತಿರ ಇದನ್ನೆಲ್ಲ ಹೇಳಿದೆ. ಅವಳು ನಮ್ಮ ಪಾರ್ಕಿಂಗಿನ ಕಡೆ ಕೈ ತೋರಿಸಿ, ಅಲ್ಲಿಯವರೆಗೆ ತಮ್ಮ ಭತ್ತ ಇತ್ತು ಎಂದಳು. ಮೂವತ್ತು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಜುಲೈಯಲ್ಲಿ ರಜೆ ಹಾಕಿದ್ದೇನೆ. ತಮ್ಮ ಹೇಳಿದಂತೆ ಒಡ್ಡಿನ ಮೇಲೆ ನಿಲ್ಲಲು ಊರಿಗೆ ಹೋಗುತ್ತೇನೆ. ಗದ್ದೆ ಈಗ ನಮ್ಮದಲ್ಲ, ಮನೆ ಮಾತ್ರ ಅದೇ ಒಡ್ಡಿನ ಒಳಗಿದೆ.